ಮೇಷ್ಟ್ರು ಓಡಿಸಿದ ರೇಸ್ ಕಾರು ಬೇಕಾಗಿದೆ

ಹಳೇ ಸ್ಪೋರ್ಟಿ ಕಾರು ಹುಡುಕಿಕೊಂಡು ಹೊರಡುವ ಹುಡುಗರೆಲ್ಲರ ಬೇಡಿಕೆ ಒಂದೇ. ಗಾಡಿ ಸಖತ್ತಾಗಿ ಓಡಬೇಕು, ಆದರೆ ಇದುವರೆಗೆ ಅದನ್ನು ಯಾರೂ ಸಖತ್ತಾಗಿ ಓಡಿಸಿರಬಾರದು. ಆಕ್ಸಿಲರೇಟರ್ ಮುಟ್ಟಿದರೆ ಬೆನ್ನು ಹೋಗಿ ಸೀಟಿಗೆ ಅಂಟಬೇಕು. ಹಿಂದಿನ ಮಾಲೀಕ ಮಾತ್ರ ಆಕ್ಸಿಲರೇಟರ್ ಯಾವ ಕಾಲಿನ ಕೆಳಗಿರುತ್ತೆ ಅನ್ನೋದೇ ಗೊತ್ತಿಲ್ಲದ ಮಹಾನುಭಾವ ಆಗಿರಬೇಕು. ನಿವೃತ್ತ ಹೆಡ್‌ಮೇಷ್ಟ್ರಾದರೆ ಬಹಳ ಶ್ರೇಷ್ಠ. ಶನಿವಾರ ಆಂಜನೇಯನ ಗುಡಿ, ತಿಂಗಳ ಮೊದಲಲ್ಲಿ ಪಿಂಚಣಿಗೆ ಬ್ಯಾಂಕು, ಮಳೆ ಬಂದರೆ ಆಟೊ. ಉಳಿದಂತೆ ಗಾಡಿ ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗಿರಬೇಕು. ಇಂಥ ಮೇಷ್ಟ್ರು 100 ಅಶ್ವಶಕ್ತಿಯ ಕಾರನ್ನು ಯಾವ ಪುರುಷಾರ್ಥಕ್ಕೆ ತಗೊಂಡಿದ್ದರು ಅನ್ನುವ ಪ್ರಶ್ನೆ ಮಾತ್ರ ಯಾವ ಹುಡುಗನಿಗೂ ಹೊಳೆದಂತಿಲ್ಲ.

ಒಟ್ಟು ಸಾರಾಂಶ ಏನಪ್ಪಾ ಅಂದರೆ, ತಾನು ಕೊಳ್ಳುವ ಕಾರನ್ನು ತನ್ನಂಥವನು ಓಡಿಸಿರಬಾರದು!

ನಮ್ಮಕ್ಕನ ಮಗ ಸುಹಾಸನೂ ಇದೇ ಪಂಗಡ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಪಿಜಿಯ ಚಿತ್ರಾನ್ನ ತಿಂದುಕೊಂಡೇ ಎರಡೂವರೆ ಲಕ್ಷ ಉಳಿಸಿದ್ದಾನೆ. ಅಷ್ಟು ದುಡ್ಡಿಗೆ ಒಂದು ಒಳ್ಳೆ ಆಲ್ಟೊ ಬರುತ್ತೆ ಕಣೋ ಎಂದು ಭಾವ ಅಂದದ್ದೇ ತಡ, ಹುಡುಗನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ನನ್ನ ಹತ್ತಿರ ಬಂದು, "ಫಸ್ಟ್ ಕಾರು ಮಾವಾ, ಲೈಫಲ್ಲಿ ಒಂದೇ ಸಲ ಬರೋದು" ಅಂದ. ಮೊದಲನೆಯದು ಯಾವುದಾದರೂ ಒಂದೇ ಸಲ ಬರೋದು, ಮೊದಲ ಟ್ರಾಫಿಕ್ ದಂಡವೂ ಸೇರಿ. ಹೇಳಲಿಲ್ಲ. ಸೋದರಮಾವನಾದವನು ಬುದ್ಧಿ ಹೇಳುವ ಕೆಲಸ ಅಪ್ಪನಿಗೆ ಬಿಟ್ಟು, ಕೆಡಿಸುವ ಕೆಲಸ ತಾನು ವಹಿಸಿಕೊಳ್ಳಬೇಕು ಅನ್ನೋದು ನಮ್ಮ ಮನೆತನದ ಪದ್ಧತಿ.

ಅವನು ನನ್ನನ್ನೇ ಹುಡುಕಿ ಬರಲು ಕಾರಣ ನನ್ನ ಹಳೇ ಝೆನ್. ಮಾರುತಿಯವರು 1993ರಲ್ಲಿ ಬಿಟ್ಟ ಈ ಗಾಡಿ ನೋಡಲು ಸಾಧು. 993 ಸಿಸಿ ಎಂಜಿನ್ನು, 50 ಅಶ್ವಶಕ್ತಿ. ಈಗಿನ ಹುಡುಗರಿಗೆ ಹೇಳಿದರೆ, "ಅಷ್ಟೇನಾ? ನಮ್ಮ ಬೈಕಲ್ಲೇ ನಲವತ್ತಿದೆ" ಅಂತಾರೆ. ಆದರೆ ಗಾಡಿಯ ತೂಕವೂ ಏಳುನೂರು ಚಿಲ್ಲರೆ ಕೆಜಿ ಅಷ್ಟೇ. ಕೆಳಗೆ ಕೂತು, ಕಾಲು ಚಾಚಿ, ಆ ಪುಟ್ಟ ಗೇರ್ ಕೋಲನ್ನು ಎರಡಕ್ಕೆ ಹಾಕಿ ಒತ್ತಿದರೆ ಆಗುಂಬೆಯ ತಿರುವುಗಳು ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಿದ್ದವು. ಸ್ಪೋರ್ಟಿ ಅಂದರೆ ವೇಗ ಅಲ್ಲ ಮಾರಾಯ, 60ರಲ್ಲಿ ಹೋಗುವಾಗ 100ರಲ್ಲಿ ಹೋದ ಖುಷಿ ಕೊಡೋದು, ಎಂದು ಅಳಿಯನಿಗೆ ಉಪದೇಶ ಮಾಡಿದೆ. ಅವನು ಫೋನ್ ನೋಡುತ್ತಿದ್ದ.

ಅವನ ಫೋನಿನಲ್ಲಿದ್ದ ಗಾಡಿಗಳೆಲ್ಲ ಹಳೆಯವೇ. ಹೊಸದರಲ್ಲಿ ಈ ಜಾತಿ ಕಮ್ಮಿಯಾಗಿದ್ದಕ್ಕೆ ದಿಲ್ಲಿಯ ಬಜೆಟ್ಟಿನ ಪಾಲೂ ಇದೆ. 2006ರ ಕೇಂದ್ರ ಬಜೆಟ್ಟಿನಲ್ಲಿ ಒಂದು ಗೆರೆ ಎಳೆದರು. ಉದ್ದ 4 ಮೀಟರ್ ದಾಟಬಾರದು, ಪೆಟ್ರೋಲ್ ಎಂಜಿನ್ನು 1200 ಸಿಸಿ ಮೀರಬಾರದು. ಹಾಗಿದ್ದರೆ ಸಣ್ಣ ಕಾರು ಎಂದು ಅಬಕಾರಿ ಸುಂಕ 24ರಿಂದ ಶೇ. 16ಕ್ಕೆ ಇಳಿಯುತ್ತೆ. ಆಮೇಲೆ ಯಾವ ಕಂಪನಿ ತಾನೇ ಸಣ್ಣ ಮೈಗೆ ದೊಡ್ಡ ಎಂಜಿನ್ನು ಇಟ್ಟೀತು? 1.6 ಲೀಟರ್, 1.3 ಲೀಟರ್ ಎಲ್ಲ ಕರಗಿ 1197, 1198 ಸಿಸಿಗೆ ಬಂದು ನಿಂತವು. ಸುಂಕ ಹೋಗಿ ಜಿಎಸ್‌ಟಿ ಬಂದರೂ ಆ ಗೆರೆ ಹಾಗೇ ಇದೆ. ಆದ್ದರಿಂದ ಸಣ್ಣ ಗಾಡಿಯಲ್ಲಿ ದೊಡ್ಡ ಗುಂಡಿಗೆ ಬೇಕು ಅನ್ನುವವರು ಹಳೇ ಸಂತೆಗೇ ಹೋಗಬೇಕು.

ಸಂತೆಯಲ್ಲಿ ಮೊದಲು ಕಣ್ಣಿಗೆ ಬೀಳೋದು ಫಿಯೆಟ್ ಪಾಲಿಯೊ 1.6. 2001ರಲ್ಲಿ ಬಂದದ್ದು, 100 ಅಶ್ವಶಕ್ತಿ. ಜಾಹೀರಾತಿಗೆ ಸಚಿನ್ ತೆಂಡೂಲ್ಕರ್. ಸಚಿನ್ನಿಗೆ ಅದೇ ಕಂಪನಿಯಿಂದ ಉಡುಗೊರೆಯಾಗಿ ಬಂದದ್ದು ಫೆರಾರಿ 360 ಮೊಡೆನಾ, ಕೀ ಕೊಟ್ಟದ್ದು ಮೈಕೆಲ್ ಶುಮಾಕರ್. ಆಮೇಲೆ ಅದರ ಆಮದು ಸುಂಕ ಮನ್ನಾ ಮಾಡಿದ್ದಕ್ಕೆ ದೇಶಾದ್ಯಂತ ಗಲಾಟೆಯಾಗಿ, ಕೊನೆಗೆ ಕಂಪನಿಯೇ ಸುಂಕ ಕಟ್ಟಿತು. ಜಾಹೀರಾತು ನೋಡಿ ಪಾಲಿಯೊ ಕೊಂಡವರ ಪೆಟ್ರೋಲ್ ಬಿಲ್ಲು ಮಾತ್ರ ಅವರೇ ಕಟ್ಟಿಕೊಂಡರು. ಊರೊಳಗೆ ಲೀಟರಿಗೆ ಎಂಟು, ಒಂಬತ್ತು. ಹಾಗಂತ ಬೈಯಲು ಬಾಯಿ ಬರೋದಿಲ್ಲ. ಬಾಗಿಲು ಹಾಕಿದರೆ ಗೋದ್ರೇಜ್ ಬೀರು ಮುಚ್ಚಿದ ಸದ್ದು, ಹೆದ್ದಾರಿಯಲ್ಲಿ ಬಂಡೆ ಹಾಗೆ ಕೂರುವ ಗಾಡಿ. ಇವತ್ತಿಗೂ ಅದರ ಹೆಸರು ಹೇಳಿದರೆ ನಲವತ್ತೈದು ದಾಟಿದ ಕೆಲವು ಗಂಡಸರ ಕಣ್ಣು ಒದ್ದೆಯಾಗುತ್ತೆ. ಪ್ರೀತಿಗೋ, ಬಿಡಿಭಾಗಕ್ಕೆ ಅಲೆದ ನೆನಪಿಗೋ, ಅವರನ್ನೇ ಕೇಳಬೇಕು.

ಅಳಿಯನ ಮನಸ್ಸು ಅದರ ಮೇಲೇ ಇತ್ತು. ಒಂದು ಲಕ್ಷಕ್ಕೆ ಸಿಗ್ತಾ ಇದೆ ಮಾವಾ ಎಂದು ಕುಣಿದ. ಸಿಗುತ್ತೆ, ಯಾಕೆ ಸಿಗಬಾರದು. ನಾನು ಇನ್ಶೂರೆನ್ಸಿನ ಕಾಗದ ತೆಗೆದು ತೋರಿಸಿದೆ. 2022ರಲ್ಲಿ ನಿಗದಿಯಾದ ದರದಂತೆ, ಬರೀ ಥರ್ಡ್ ಪಾರ್ಟಿ ವಿಮೆಗೆ 1000 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದರ ಮೇಲೆ 7,897. ನಿನ್ನ ಲಕ್ಷದ ಪಾಲಿಯೊ 1,596 ಸಿಸಿ ಕಣಪ್ಪಾ. ವಿಮೆ ಲೆಕ್ಕದಲ್ಲಿ ನೀನು ಮರ್ಸಿಡಿಸ್ ಇಟ್ಟುಕೊಂಡ ಸಾಹುಕಾರರ ಸಾಲಿಗೆ ಸೇರ್ತೀಯ ಅಂದೆ. ಜೊತೆಗೆ, 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ; 20 ದಾಟಿದವಕ್ಕೆ 2025ರಲ್ಲಿ ಅದನ್ನೂ 10,000 ಮಾಡಿದರು. ಹಸಿರು ತೆರಿಗೆ ಬೇರೆ. ವಯಸ್ಸಾದಷ್ಟೂ ಮರ್ಯಾದೆ ಹೆಚ್ಚು ಅನ್ನುವ ಮಾತು ಈ ದೇಶದಲ್ಲಿ ನಿಜವಾಗಿರೋದು ಆರ್‌ಟಿಒ ಕಚೇರಿಯಲ್ಲಿ ಮಾತ್ರ.

ಆಮೇಲೆ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ. 2013ರದು, 1.2 ಲೀಟರ್ ಟರ್ಬೊ, 105 ಅಶ್ವಶಕ್ತಿ, 7 ಗೇರಿನ ಡಿಎಸ್‌ಜಿ. ನೋಡು, ಬಜೆಟ್ಟಿನ ಗೆರೆಯೊಳಗೇ ಕೂತು ಹೇಗೆ ಕೆಲಸ ಸಾಧಿಸಿದ್ದಾರೆ! ಗೆರೆ ದಾಟಲಾಗದವರು ಟರ್ಬೊ ಊದಿಸಿದರು. 2022ರಲ್ಲಿ ಪೋಲೊ ತಯಾರಿಕೆಯೇ ನಿಂತಮೇಲೆ ಹಳೇ ಜಿಟಿಗಳ ಮಾಲೀಕರು ಹೊಲದಲ್ಲಿ ಹೂತ ಚಿನ್ನ ಸಿಕ್ಕವರ ಹಾಗೆ ಆಡುತ್ತಾರೆ. ರೇಟು ಕೇಳಿದರೆ ಮೊದಲು ಒಂದು ನಗು, ಆಮೇಲೆ ರೇಟು. ಇದರ ಗೇರ್‌ಬಾಕ್ಸಿನಲ್ಲಿರೋದು ಒಣ ಕ್ಲಚ್ಚು, ಅದನ್ನು ಆಳೋದು ಮೆಕಾಟ್ರಾನಿಕ್ಸ್ ಎಂಬ ಪೆಟ್ಟಿಗೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಒಂದಡಿ ಮುಂದೆ, ನಿಲ್ಲು, ಅರ್ಧ ಅಡಿ ಮುಂದೆ, ನಿಲ್ಲು ಎಂದು ವರ್ಷಗಟ್ಟಲೆ ಉರುಳಿದ ಗಾಡಿಯಾದರೆ ಆ ಪೆಟ್ಟಿಗೆಯ ಗತಿ ಏನಾಗಿರಬೇಡ! ಅದು ಕೈಕೊಟ್ಟರೆ ರಿಪೇರಿ ಖರ್ಚು ಮಾತಾಡೋದು ಲಕ್ಷದ ಭಾಷೆಯಲ್ಲಿ. ಅಳಿಯನ ಹತ್ತಿರ ಇರುವ ಲಕ್ಷಗಳೇ ಎರಡೂವರೆ.

ಹಾಗಾಗಿ ನಾನು ತೋರಿಸಿದ್ದು ಮೊದಲ ತಲೆಮಾರಿನ ಸ್ವಿಫ್ಟ್, ಪೆಟ್ರೋಲು. 2005ರ ಮೇ ತಿಂಗಳಲ್ಲಿ ಬಂದಾಗ ಜನ ತಿಂಗಳುಗಟ್ಟಲೆ ಸರದಿ ಕಾದು ತಗೊಂಡ ಗಾಡಿ. 1298 ಸಿಸಿ, 87 ಅಶ್ವಶಕ್ತಿ, ಎಸ್ಟೀಮ್ ಮತ್ತು ಜಿಪ್ಸಿಗಳ ಎಂಜಿನ್ ಬಳಗದ್ದೇ. ಅಂದರೆ ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿಯಲ್ಲಿ ಕೆಂಪು ದೂಳು ತಿಂದು ಬೆಳೆದ ವಂಶ. 2010ರಲ್ಲಿ ಇದೂ ಸುಂಕದ ಗೆರೆಗೆ ತಲೆಬಾಗಿ 1197 ಸಿಸಿ ಆಯಿತು. ಆದ್ದರಿಂದ ಗೊತ್ತಿದ್ದವರು ಹುಡುಕೋದು 2010ಕ್ಕೆ ಮೊದಲಿನದನ್ನ. ಇನ್ನೊಂದು ದೊಡ್ಡ ಗುಣ, ಇದರ ಬ್ರೇಕ್ ಪ್ಯಾಡು ತೀರ್ಥಹಳ್ಳಿಯಲ್ಲೂ ಸಿಗುತ್ತೆ. ಸ್ಪೋರ್ಟಿ ಗಾಡಿಯ ಗುಣಗಳಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ತಗೊಳೋದಿಲ್ಲ, ಜೆ.ಸಿ. ರಸ್ತೆಯಲ್ಲಿ ಬಿಸಿಲಲ್ಲಿ ಅಂಗಡಿ ಅಂಗಡಿ ಸುತ್ತಿ, ಪ್ರತಿಯೊಬ್ಬನಿಂದಲೂ "ಆ ಮಾಡೆಲ್‌ದು ಬರಲ್ಲ ಸಾರ್" ಅನ್ನಿಸಿಕೊಳ್ಳುವವರೆಗೆ.

"ಸ್ವಿಫ್ಟಾ? ಅದು ಟ್ಯಾಕ್ಸಿ ಅಲ್ವಾ ಮಾವಾ?" ಅಂದ. ಅದು ಡಿಸೈರು ಕಣೋ ದಡ್ಡಾ ಎಂದು ಬೈದು, ಒಂದು ಸ್ವಿಫ್ಟಿನಲ್ಲಿ ಕೂರಿಸಿ ಎರಡನೇ ಗೇರಿನಲ್ಲಿ ಸಾಗರ ರಸ್ತೆಯ ಮೇಲೆ ಒಂದು ಸುತ್ತು ಹೊಡೆಸಿದೆ. ಇಳಿದವನು ಮಾತಾಡಲಿಲ್ಲ, ಹುಡುಕಲು ಶುರುಮಾಡಿದ.

ಹುಡುಕಾಟ ಶುರುವಾದ ಮೇಲೆ ನಮಗೆ ಗೊತ್ತಾದದ್ದು, ಕರ್ನಾಟಕದಲ್ಲಿ ಡಾಕ್ಟರುಗಳಿಗಿಂತ ಡಾಕ್ಟರ್ ಗಾಡಿಗಳೇ ಜಾಸ್ತಿ. ಮಾರಾಟಕ್ಕಿರುವ ಪ್ರತಿಯೊಂದೂ "ಡಾಕ್ಟರ್ ಗಾಡಿ ಸಾರ್". ಉಳಿದವು "ಲೇಡಿ ಓಡಿಸಿದ್ದು". ಹೆಂಗಸರು ಗಾಡಿ ಓಡಿಸಿದರೆ ಟೀಕೆ ಮಾಡುವ ಇದೇ ಗಂಡಸರು, ಮಾರುವಾಗ ಮಾತ್ರ ಎಲ್ಲ ಗಾಡಿಯನ್ನೂ ಹೆಂಗಸರ ಹೆಸರಿಗೆ ಬರೆಯುತ್ತಾರೆ. "ಶೋರೂಮ್ ಮೆಯಿಂಟೇನ್ಡ್" ಅಂದರೆ ಒಮ್ಮೆ ಶೋರೂಮಿನ ಮುಂದಿನಿಂದ ಹಾದುಹೋಗಿದೆ. "ಸಣ್ಣಪುಟ್ಟ ಟಿಂಕರಿಂಗ್ ಇದೆ" ಅಂದರೆ ಒಂದು ಕಡೆಯ ಎರಡೂ ಬಾಗಿಲು ಬೇರೆ ಗಾಡಿಯವು. "ಎಸಿ ಗ್ಯಾಸ್ ಹಾಕಿಸಿದರೆ ಸಾಕು" ಅಂದರೆ ಕಂಪ್ರೆಸರ್ ಇಲ್ಲ. "ಅರ್ಜೆಂಟ್ ಸೇಲ್, ಫಾರಿನ್‌ಗೆ ಹೋಗ್ತಾ ಇದೀವಿ" ಅನ್ನುವವರನ್ನೆಲ್ಲ ಲೆಕ್ಕ ಹಾಕಿದರೆ ಬೆಂಗಳೂರು ಇಷ್ಟು ಹೊತ್ತಿಗೆ ಖಾಲಿಯಾಗಿ ಟ್ರಾಫಿಕ್ ಸಮಸ್ಯೆಯೇ ಇರಬಾರದಿತ್ತು.

ಮೀಟರಿನ ವಿಷಯ ಬಂದರೆ, ಎಲ್ಲ ಗಾಡಿಗಳೂ 60 ಸಾವಿರ ಕಿಲೋಮೀಟರಿಗೆ ಬಂದು ವ್ರತ ಹಿಡಿದಿವೆ. ಹದಿನೇಳು ವರ್ಷದ ಗಾಡಿ, 61 ಸಾವಿರ. ಹದಿನಾಲ್ಕು ವರ್ಷದ್ದೂ 61 ಸಾವಿರ.

ನಾವು ಕರೆದುಕೊಂಡು ಹೋಗುತ್ತಿದ್ದದ್ದು ಬಾಷಾ ಭಾಯಿಯನ್ನ. ಶಿವಮೊಗ್ಗದ ಮೆಕ್ಯಾನಿಕ್ಕು, ಮಾತು ಕಮ್ಮಿ. ಬೆಂಗಳೂರಿನ ಒಬ್ಬ ಬ್ರೋಕರ್ ಕೆಂಪು ಸ್ವಿಫ್ಟನ್ನು ತೊಳೆದು, ಟೈರಿಗೆ ಪಾಲಿಶ್ ಬಳಿದು, ನೆರಳಲ್ಲಿ ನಿಲ್ಲಿಸಿದ್ದ. 62 ಸಾವಿರ, ಸಿಂಗಲ್ ಓನರ್, ಬ್ಯಾಂಕ್ ಮ್ಯಾನೇಜರ್ ಗಾಡಿ. ಅಳಿಯ ಆಗಲೇ ಫೋಟೊ ತೆಗೆಯಲು ಶುರುಮಾಡಿದ್ದ. ಬಾಷಾ ಭಾಯಿ ಮೊದಲು ಮಾಡಿದ್ದು ಬಾನೆಟ್ಟಿನ ಮೇಲೆ ಅಂಗೈ ಇಟ್ಟದ್ದು. ಬಿಸಿ. "ಬೆಳಿಗ್ಗೆ ಒಂದು ರೌಂಡ್ ಹಾಕಿದ್ದೆ ಸಾರ್" ಅಂದ ಬ್ರೋಕರು. ಬಾಷಾ ಭಾಯಿ ಮಾತಾಡದೆ ಪಕ್ಕದ ಅಂಗಡಿಗೆ ಹೋಗಿ ಚಹಾ ಕುಡಿದರು. ಮತ್ತೊಂದು ಚಹಾ ಹೇಳಿದರು. ದೋಸೆ ತಿಂದರು. ತಣ್ಣಗಿರುವ ಎಂಜಿನ್ನು ಮೊದಲ ಸಲ ಎದ್ದಾಗಲೇ ಅದರ ನಿಜವಾದ ಕೆಮ್ಮು ಕೇಳಿಸೋದು. ಬಿಸಿ ಮಾಡಿಟ್ಟ ಗಾಡಿ ಎಲ್ಲ ಮುಚ್ಚಿಕೊಳ್ಳುತ್ತೆ. ಬ್ರೋಕರು ಗಡಿಯಾರ ನೋಡತೊಡಗಿದ.

ಕೊನೆಗೆ ಸ್ಟಾರ್ಟ್ ಮಾಡಿಸಿ, ತಾವು ಸೈಲೆನ್ಸರ್ ಹಿಂದೆ ಕುಕ್ಕರಗಾಲಲ್ಲಿ ಕೂತರು. ನೀಲಿ ಹೊಗೆ ಒಂದು ಎಳೆ ಬಂದು ಹೋಯಿತು. "ಆಯಿಲ್ ಕುಡೀತದೆ." ಆಮೇಲೆ ಒಳಗೆ ಬಗ್ಗಿ ಪೆಡಲ್‌ಗಳನ್ನು ತೋರಿಸಿದರು. ಕ್ಲಚ್ ಪೆಡಲಿನ ರಬ್ಬರು ಒಂದು ಮೂಲೆ ಪೂರಾ ಸವೆದು ಕಬ್ಬಿಣ ಮಿನುಗುತ್ತಿತ್ತು, ಆಕ್ಸಿಲರೇಟರಿನದು ನುಣ್ಣಗಾಗಿತ್ತು, ಬ್ರೇಕಿನದು ಮಾತ್ರ ಹೊಸದರ ಹಾಗೇ ಗೆರೆ ಗೆರೆಯಾಗಿ ಉಳಿದಿತ್ತು. "62 ಸಾವಿರಕ್ಕೆ ಹಿಂಗೆ ಸವೆಯಲ್ಲ. ಓಡಿಸಿದೋನು ಮ್ಯಾನೇಜರ್ ಅಲ್ಲ, ಮ್ಯಾನೇಜರ್ ಮಗ. ಬ್ರೇಕ್ ಅಂತ ಒಂದಿದೆ ಅಂತ ಅವನಿಗೆ ಗೊತ್ತಿಲ್ಲ." ಬಾನೆಟ್ ಎತ್ತಿ ಏಪ್ರನ್ನಿನ ವೆಲ್ಡಿಂಗ್ ಚುಕ್ಕೆಗಳ ಮೇಲೆ ಬೆರಳಾಡಿಸಿದರು. ಎಡಗಡೆ ಕಾರ್ಖಾನೆಯ ಚುಕ್ಕೆಗಳು ಸಾಲಾಗಿದ್ದವು, ಬಲಗಡೆ ನುಣ್ಣನೆ ಪುಟ್ಟಿ. ಮಡ್‌ಗಾರ್ಡ್ ಬೋಲ್ಟುಗಳ ತಲೆಯಲ್ಲಿ ಸ್ಪ್ಯಾನರ್ ಕಚ್ಚಿದ ಗುರುತು. ಟೈರಿನ ಪಕ್ಕೆಯಲ್ಲಿ ನಾಲ್ಕಂಕಿ: 2314. ಅಂದರೆ 2014ರ 23ನೇ ವಾರದಲ್ಲಿ ಹುಟ್ಟಿದ ಟೈರು. ಪಾಲಿಶ್ ಎಷ್ಟು ಬಳಿದರೂ ಹುಟ್ಟಿದ ದಿನ ಅಳಿಸೋದಿಲ್ಲ. ಬ್ರೋಕರು ಅಷ್ಟೂ ಹೊತ್ತು "ಅದು ಕಾಮನ್ ಸಾರ್, ಅದು ಕಾಮನ್" ಅನ್ನುತ್ತಲೇ ಇದ್ದ. ಅವನ ಪ್ರಕಾರ ಆಕ್ಸಿಡೆಂಟು ಆ ಮಾಡೆಲ್ಲಿಗೆ ಕಂಪನಿಯಿಂದಲೇ ಫಿಟ್ ಆಗಿ ಬರುತ್ತೆ.

ನೀವು ನೋಡಿದ ಗಾಡಿಯ ಚರಿತ್ರೆ ಪೊಲೀಸರ ಹತ್ತಿರವೂ ಇರುತ್ತೆ. ಒಂದು ಬೆಳ್ಳಿ ಬಣ್ಣದ ಗಾಡಿಯ ನಂಬರನ್ನು ದಂಡದ ಪಟ್ಟಿಯಲ್ಲಿ ಹಾಕಿ ನೋಡಿದೆವು. ಸಿಗ್ನಲ್ ಜಂಪ್, ಅತಿವೇಗ, ಮತ್ತೆ ಅತಿವೇಗ, ಅದೂ ವಿಮಾನ ನಿಲ್ದಾಣದ ರಸ್ತೆಯಲ್ಲಿ, ಪೂರಾ ಫೋಟೊ ಸಮೇತ. ಮಾರುವವನು ಹೇಳಿದ ಪ್ರಕಾರ ಇದು ಅವನ ಅತ್ತೆ ತರಕಾರಿ ತರುತ್ತಿದ್ದ ಗಾಡಿ. ತಾಯಿ ಎಂಥ ತರಕಾರಿ ತರುತ್ತಿದ್ದರೋ, ಅಷ್ಟು ಅವಸರದಲ್ಲಿ! 2023ರ ಫೆಬ್ರವರಿಯಲ್ಲಿ ಸರ್ಕಾರ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ನಿಂತು ಕಟ್ಟಿದರಲ್ಲ, ಅಂಥ ಇನ್ನೊಂದು ಸುಗ್ಗಿ ಬರಲಿ ಅಂತ ಕಾದು ಕೂತವರೂ ಇದ್ದಾರೆ. ಕಾದು ಕಾದು ಗಾಡಿಯನ್ನೇ ದಾಟಿಸಿಬಿಡುತ್ತಾರೆ. ದಂಡ ಇರೋದು ನಂಬರಿನ ಮೇಲೆ. ಅದನ್ನು ತೀರಿಸದೆ ಕೊಂಡರೆ, ಅವನು ಆಡಿದ ಆಟಕ್ಕೆ ಸಿಗ್ನಲ್ಲಿನಲ್ಲಿ ಕೈಅಡ್ಡ ಹಾಕಿಸಿಕೊಳ್ಳುವವರು ನೀವು.

ಇನ್ನು ಅಲಂಕಾರ ಮಾಡಿಸಿದ ಗಾಡಿಗಳು. ಸ್ಪ್ರಿಂಗ್ ಕತ್ತರಿಸಿ ಇಳಿಸಿದ್ದು, ಕೋನ್ ಫಿಲ್ಟರ್ ಹಾಕಿದ್ದು, ಡಬ್ಬಲ್ ಸೈಲೆನ್ಸರು. ಇಂಥದೊಂದು ಹಾಸನದಲ್ಲಿತ್ತು. ಮಾಲೀಕನ ಮನೆ ಬೀದಿಯ ಹಂಪನ್ನೇ ಅದು ಓರೆಯಾಗಿ, ಹಲ್ಲು ಕಚ್ಚಿಕೊಂಡು ಹತ್ತಬೇಕು. ಅವನು ಅದಕ್ಕೆ ಸುರಿದ ಒಂದೂವರೆ ಲಕ್ಷದ ಲೆಕ್ಕ ಹೇಳಿ, ಅಷ್ಟನ್ನೂ ನಮ್ಮಿಂದ ಕೇಳಿದ. ಹೆಂಡತಿಗೆ ಮಾಡಿಸಿದ ಒಡವೆಯಾದರೂ ಅರ್ಧ ಬೆಲೆಗೆ ಹೋಗುತ್ತೆ. ಸೈಲೆನ್ಸರಿಗೆ ಹಾಕಿದ್ದು ಹೊಗೆ. ಪೊಲೀಸರು ಹಿಡಿದ ಸೈಲೆನ್ಸರುಗಳನ್ನೆಲ್ಲ ರಸ್ತೆಗೆ ಸಾಲಾಗಿ ಹಾಸಿ ರೋಡ್ ರೋಲರ್ ಹತ್ತಿಸುವ ಫೋಟೊ ಪತ್ರಿಕೆಯಲ್ಲಿ ಬರುತ್ತಲ್ಲ, ಅದನ್ನು ಅಳಿಯನಿಗೆ ಕಳಿಸಿದೆ. ಕಣ್ಣೀರಿನ ಚಿತ್ರ ವಾಪಸ್ ಬಂತು. ಮೊದಲ ಕಾರಿಗೆ ಯಾರೂ ಕೈಹಚ್ಚದ ಗಾಡಿಯೇ ಒಳ್ಳೆಯದು, ಕೆಡಿಸುವ ಹಕ್ಕಾದರೂ ನಿನಗೇ ಉಳಿಯಲಿ ಎಂದೆ.

ಮಂಗಳೂರು, ಉಡುಪಿ ಕಡೆಯದಾದರೆ ಕಾರ್ಪೆಟ್ ಎತ್ತಿ ತುಕ್ಕು ನೋಡಬೇಕು. ಉಪ್ಪುಗಾಳಿ ಮೇಲಿನ ಬಣ್ಣಕ್ಕೆ ಏನೂ ಮಾಡದೆ ಕೆಳಗಿನಿಂದ ತಿನ್ನುತ್ತೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಹೊರ ವರ್ತುಲ ರಸ್ತೆ ಕಡೆ ಕಾರುಗಳು ಈಜಿದ್ದು ನೆನಪಿದೆಯಲ್ಲ? ಅವೆಲ್ಲ ಒಣಗಿ ಎಲ್ಲಿಗಾದರೂ ಹೋಗಿರಲೇಬೇಕು. ಸೀಟ್ ಬೆಲ್ಟನ್ನು ಕೊನೆತನಕ ಎಳೆದು ನೋಡಿ. ಮಾಲೀಕ ಸೀಟು, ಕಾರ್ಪೆಟ್ಟು ಎಲ್ಲ ತೊಳೆಸಿರುತ್ತಾನೆ, ಬೆಲ್ಟಿನ ತುದಿಯ ಕೆಸರು ಗೆರೆಯನ್ನು ಮಾತ್ರ ಮರೆತಿರುತ್ತಾನೆ. ದಿಲ್ಲಿ ಗಾಡಿಯೂ ಒಂದು ಸೆಳೆತ. ಅಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳನ್ನು ಓಡಿಸಬಾರದು ಎಂದಮೇಲೆ ಅವು ದಕ್ಷಿಣಕ್ಕೆ ವಲಸೆ ಬಂದವು. ಬೆಲೆ ಕೇಳಿದರೆ ಬಾಯಲ್ಲಿ ನೀರು, ನಮ್ಮ ಆಜೀವ ತೆರಿಗೆ ಕೇಳಿದರೆ ಕಣ್ಣಲ್ಲಿ.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಬೇಡ ಅಂದೆ. ಆ ಕಾಲದ ಸಣ್ಣ ಕಾರುಗಳ ಕೆಳಗಿನ ಮಾಡೆಲ್ಲುಗಳಲ್ಲಿ ಏರ್‌ಬ್ಯಾಗೂ ಇರಲಿಲ್ಲ, ಎಬಿಎಸ್ಸೂ ಇರಲಿಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನವರು ಏರ್‌ಬ್ಯಾಗ್ ಇಲ್ಲದ ಪೋಲೊವನ್ನು ಗುದ್ದಿಸಿ ನೋಡಿದಾಗ ಬಂದ ನಕ್ಷತ್ರ ಸೊನ್ನೆ. ಎರಡು ಏರ್‌ಬ್ಯಾಗ್ ಇಟ್ಟ ಅದೇ ಕಾರಿಗೆ ನಾಲ್ಕು. ಸ್ವಿಫ್ಟಿನಲ್ಲೂ ಮೇಲಿನ ಝಡ್‌ಎಕ್ಸ್‌ಐಗೆ ಇವೆರಡೂ ಇದ್ದವು. ಹತ್ತಿಪ್ಪತ್ತು ಸಾವಿರ ಹೆಚ್ಚಾದರೂ ಅದನ್ನೇ ನೋಡು, ಇಲ್ಲದಿದ್ದರೆ ನಿಮ್ಮಮ್ಮನ ಮುಂದೆ ನಾನು ನಿಲ್ಲೋಕಾಗಲ್ಲ. ಇದೊಂದಕ್ಕೆ ಅವನು ಎದುರು ಮಾತಾಡಲಿಲ್ಲ.

ಕೊನೆಗೆ ಗಾಡಿ ಸಿಕ್ಕಿತು. ಸಾಗರದಲ್ಲಿ, ಕೆಎ-15. 2008ರ ಝಡ್‌ಎಕ್ಸ್‌ಐ. ಮಾಲೀಕರು ಲಿಂಗನಮಕ್ಕಿಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಮೇಷ್ಟ್ರಲ್ಲ, ಆದರೆ ಮೇಷ್ಟ್ರಿಗೆ ಪಾಠ ಹೇಳುವಂಥವರು. ಗಾಡಿ ಶೆಡ್ಡಿನಲ್ಲಿ, ಮೇಲೆ ಹಳೇ ಬೆಡ್‌ಶೀಟು. ಡ್ಯಾಶ್‌ಬೋರ್ಡಿನೊಳಗೆ ಒಂದು ನೀಲಿ ರಟ್ಟಿನ ನೋಟ್‌ಬುಕ್ಕು, ಅದರಲ್ಲಿ ಗೆರೆ ಹೊಡೆದು ಅಂಕಣ: ತಾರೀಕು, ಕಿಲೋಮೀಟರು, ಎಷ್ಟು ಲೀಟರು, ಯಾವ ಬಂಕು, ಷರಾ. ಷರಾದಲ್ಲಿ "ಗಾಳಿ ಹಾಕಿಸಿದೆ", "ವೈಪರ್ ಬದಲು", "ಟೈಮಿಂಗ್ ಬೆಲ್ಟ್, ಬಿಲ್ಲು ಫೈಲಿನಲ್ಲಿ". ಒಂದು ಕಡೆ "ನಾಯಿ ಅಡ್ಡ ಬಂತು, ಬ್ರೇಕ್ ಚೆನ್ನಾಗಿದೆ" ಎಂದೂ ಇತ್ತು. ಬಾಷಾ ಭಾಯಿ ಆ ಪುಸ್ತಕವನ್ನು ಪಂಚಾಂಗ ತಿರುವಿದ ಹಾಗೆ ತಿರುವಿ, ಬಾನೆಟ್ ಎತ್ತುವ ಮೊದಲೇ ನನ್ನ ಕಿವಿಯಲ್ಲಿ "ತಗೊಳಿ" ಅಂದರು.

ಅಳಿಯ ಇಷ್ಟು ದಿನ ಕೂಗಿ ಕರೆದ ದೇವರು ಪ್ರತ್ಯಕ್ಷನಾಗಿದ್ದ. ತೊಂದರೆ ಏನಪ್ಪಾ ಅಂದರೆ, ಅಂಥ ದೇವರಿಗೆ ಇಂಥ ಭಕ್ತ ಬೇಡವಾಗಿದ್ದ.

"ಓಡಿಸೋರು ಯಾರು?" ಎಂದು ಕೇಳಿದರು ಯಜಮಾನರು, ಕಾಫಿ ಕೊಟ್ಟು.

"ನಾನೇ ಸರ್."

"ಏನು ಕೆಲಸ?"

"ಸಾಫ್ಟ್‌ವೇರ್ ಸರ್, ಬೆಂಗಳೂರಲ್ಲಿ."

"ಹೂಂ. ಈಗ ಶಿವಮೊಗ್ಗದಿಂದ ಬಂದ್ರಾ? ಎಷ್ಟು ಹೊತ್ತಾಯ್ತು ದಾರಿಗೆ?"

ಪ್ರಶ್ನೆಯ ಒಳಗುಟ್ಟು ನನಗೆ ತಿಳಿಯಿತು. ಕಾಲು ತುಳಿಯಲು ಹೋದೆ, ಟೀಪಾಯಿ ಅಡ್ಡ ಇತ್ತು. ಗೆಳೆಯನ ಗಾಡಿ ಓಡಿಸಿಕೊಂಡು ಬಂದಿದ್ದ ಹುಡುಗ ಎದೆಯುಬ್ಬಿಸಿ, "ಬರೀ ಐವತ್ತೈದು ನಿಮಿಷ ಸರ್!" ಅಂದ. ಎಪ್ಪತ್ತು ಕಿಲೋಮೀಟರಿನ ದಾರಿ, ನಡುವೆ ಊರುಗಳು, ಹಂಪುಗಳು, ದನಗಳು.

"ನನಗೆ ಎರಡು ಗಂಟೆ ಬೇಕಾಗುತ್ತೆ" ಅಂದರು ಯಜಮಾನರು. "ಯೋಚನೆ ಮಾಡಿ ಹೇಳ್ತೀನಿ." ಬೆಡ್‌ಶೀಟು ಮತ್ತೆ ಗಾಡಿಯ ಮೇಲೆ ಬಂತು.

ದಾರಿಯುದ್ದಕ್ಕೂ ಅಳಿಯ ಒಂದು ಮಾತಾಡಲಿಲ್ಲ. ಅಂದು ಮಾತ್ರ ನಮಗೂ ಎರಡು ಗಂಟೆ ಹಿಡಿಯಿತು.

ಉಳಿದದ್ದು ಒಂದೇ ಅಸ್ತ್ರ. ಭಾವ ಖಜಾನೆ ಇಲಾಖೆಯಿಂದ ನಿವೃತ್ತರಾದವರು, ಬಿಳಿ ಅರ್ಧ ತೋಳಿನ ಶರಟು, ಜೇಬಿನಲ್ಲಿ ಎರಡು ಪೆನ್ನು. ಅವರು ಬರಲು ಒಪ್ಪಿದ್ದು ಮಗನ ಮೇಲಿನ ಪ್ರೀತಿಯಿಂದಲ್ಲ. ಪೆಟ್ರೋಲಿನ ಲೆಕ್ಕವನ್ನು ಅಂಕಣ ಹೊಡೆದು ಬರೆಯುವ ಇನ್ನೊಬ್ಬ ಮನುಷ್ಯ ಈ ಜಿಲ್ಲೆಯಲ್ಲಿ ಇದ್ದಾನೆ ಅಂತ ಗೊತ್ತಾಗಿ. ಮುಂದಿನದು ಕಾರಿನ ವ್ಯಾಪಾರ ಅಂತ ಯಾರೂ ಹೇಳಲಾರರು. ಏಳನೇ ವೇತನ ಆಯೋಗ 2024ರ ಆಗಸ್ಟಿನಿಂದ ಜಾರಿಯಾದದ್ದು, ಅದಕ್ಕೆ ಮೊದಲು ನಿವೃತ್ತರಾದವರಿಗೆ ಆದ ಅನ್ಯಾಯ, ಸಕ್ಕರೆ ಕಾಯಿಲೆಗೆ ಮೆಂತ್ಯ, ಶರಾವತಿಯಲ್ಲಿ ಈ ಸಲದ ನೀರು. ಅವಲಕ್ಕಿ ಬಂತು, ಕಾಫಿ ಬಂತು, ಮತ್ತೆ ಕಾಫಿ ಬಂತು. ನಡುವೆ ಎಲ್ಲೋ 15 ಸಾವಿರ ತಾನಾಗಿ ಇಳಿದದ್ದು ಅಳಿಯನಿಗೆ ಗೊತ್ತೇ ಆಗಲಿಲ್ಲ. ಫಾರಂ 29, ಫಾರಂ 30, ಬಿ ಎಕ್ಸ್‌ಟ್ರ್ಯಾಕ್ಟು, ನವೀಕರಿಸಿದ ಆರ್‌ಸಿ, ವಿಮೆ, ಎಚ್‌ಎಸ್‌ಆರ್‌ಪಿ ಹಾಕಿಸಿದ ರಸೀದಿ, ಎಲ್ಲ ಕ್ಲಿಪ್ ಹಾಕಿ ಒಂದೇ ಫೈಲಿನಲ್ಲಿದ್ದವು. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಎಂಬುದನ್ನು ಇಬ್ಬರೂ ಒಟ್ಟಿಗೆ ಹೇಳಿ, ಒಬ್ಬರನ್ನೊಬ್ಬರು ಮೆಚ್ಚುಗೆಯಿಂದ ನೋಡಿಕೊಂಡರು. ಯಜಮಾನರದ್ದು ಒಂದೇ ಷರತ್ತು: ಆರ್‌ಸಿ ಭಾವನ ಹೆಸರಿಗೇ ಆಗಬೇಕು.

ಕೀ ಕೂಡ ಅವರ ಕೈಗೇ ಕೊಟ್ಟರು.

ಭಾವ ಸೀಟು ಮುಂದೆ ಎಳೆದುಕೊಂಡು, ಕನ್ನಡಿ ಸರಿಮಾಡಿಕೊಂಡು, ದೇವರಿಗೆ ಕೈಮುಗಿದು ಹೊರಟರು. ಸಾಗರ ದಾಟುವ ಮೊದಲೇ ಗಾಡಿ ಐದನೇ ಗೇರಿಗೆ ಬಂದು ಕೂತಿತ್ತು, ಸ್ಪೀಡು 45. ಆನಂದಪುರ, ಕುಂಸಿ. ಖಾಲಿ ರಸ್ತೆ, ಒಳ್ಳೊಳ್ಳೆ ತಿರುವುಗಳು, ಬಾನೆಟ್ಟಿನ ಕೆಳಗೆ 87 ಅಶ್ವಗಳು. ಅಳಿಯ ಪಕ್ಕದ ಸೀಟಿನಲ್ಲಿ ಇಲ್ಲದ ಆಕ್ಸಿಲರೇಟರನ್ನು ಒತ್ತುತ್ತಿದ್ದ. ಆಯನೂರಿನ ಹತ್ತಿರ ಒಂದು ಲಗೇಜ್ ಆಟೊ ಹಾರ್ನ್ ಹೊಡೆದು ನಮ್ಮನ್ನು ಹಿಂದೆ ಹಾಕಿ ಹೋಯಿತು.

"ಅಪ್ಪಾ, ಒಂದೇ ಸಲ ಎರಡನೇ ಗೇರಿಗೆ ಹಾಕಿ ಒತ್ತಿ ನೋಡಿ" ಎಂದು ಹುಡುಗ ಅಂಗಲಾಚಿದ.

"ಯಾಕೆ, ಹೋಗ್ತಾ ಇದೆಯಲ್ಲ?" ಅಂದರು ಭಾವ. "ಆ ಪುಸ್ತಕ ತೆಗಿ. ಹೊರಟಾಗ ಮೀಟರ್ ಎಷ್ಟಿತ್ತು, ಬರ್ಕೊಂಡ್ಯಾ ಇಲ್ವಾ?"